ಪರಿಚಿತರ ಊರಿನಲ್ಲಿ ಖಾಸಗಿತನ: ಜಾಲತಾಣ ಬಳಕೆದಾರರಿಗೆ ಕೆಲವು ಎಚ್ಚರಗಳು

ಸಾಮಾಜಿಕ ಜಾಲತಾಣಗಳ ಬಳಕೆಯಲ್ಲಿ ವಹಿಸಬೇಕಾದ ಎಚ್ಚರದ ಬಗ್ಗೆ ಪ್ರಕಟವಾಗುವ ಸಲಹೆಗಳಲ್ಲಿ ಹೆಚ್ಚಿನವು ಮಹಾನಗರದ ಬಳಕೆದಾರರನ್ನು ಗಮನದಲ್ಲಿಟ್ಟುಕೊಂಡು ಸಿದ್ಧವಾದವು. ಆದ್ದರಿಂದ ಅಪರಿಚಿತರನ್ನು ನಂಬಬಾರದು ಎಂಬ ಒಂದೇ ಮಾತಿನ ಸುತ್ತ ಅವು ತಿರುಗುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂಥ ಊರುಗಳಿಗೆ ಆ ಸಲಹೆ ಅರ್ಧದಷ್ಟು ಮಾತ್ರ ಹೊಂದುತ್ತದೆ. ಬೆಂಗಳೂರಿನ ಬಡಾವಣೆಯೊಂದರ ನಿವಾಸಿ ತನ್ನ ಹೆಸರು, ಮನೆಯ ಮುಂಭಾಗದ ಚಿತ್ರ, ಮಗಳ ಶಾಲೆಯ ಸಮವಸ್ತ್ರ ಇವೆಲ್ಲವನ್ನೂ ಬಹಿರಂಗಪಡಿಸಿದರೂ ನೋಡಿದವರಲ್ಲಿ ಅವನನ್ನು ಗುರುತು ಹಿಡಿಯುವವರು ಕಡಿಮೆ. ಜನಸಂದಣಿಯೇ ಅಲ್ಲಿ ಒಂದು ಮಟ್ಟಿನ ಮರೆಯಾಗಿ ನಿಲ್ಲುತ್ತದೆ. ಶಿರಹಟ್ಟಿಯಲ್ಲಾದರೆ ಅಡ್ಡಹೆಸರು ಮತ್ತು ಓಣಿಯ ಹೆಸರು ಸಿಕ್ಕರೆ ಸಾಕು, ಮನೆತನ, ಹೊಲ, ಬೀಗರ ಊರು ಎಲ್ಲವೂ ಚಹಾದ ಅಂಗಡಿಯಲ್ಲಿ ಕೇಳಿದರೂ ತಿಳಿದುಬಿಡುತ್ತವೆ. ಸಣ್ಣ ಊರಿನ ಬಳಕೆದಾರನಿಗೆ ಎದುರಾಗುವ ತೊಂದರೆಗಳಲ್ಲಿ ಒಂದು ಭಾಗ ದೂರದ ವಂಚಕನಿಂದ ಬಂದರೆ, ಇನ್ನೊಂದು ಭಾಗ ಪರಿಚಿತರ ವಲಯದಿಂದಲೇ ಬರುತ್ತದೆ. ದೂರದ ವಂಚಕನೂ ಬಹಳ ಸಲ ಒಳಗೆ ಬರುವುದು ಆ ವಲಯದ ಬಾಗಿಲಿನಿಂದಲೇ.

ಖಾಸಗಿತನವೆಂದರೆ ಮುಚ್ಚಿಡಬೇಕಾದ ತಪ್ಪು ಸಂಗತಿಗಳನ್ನು ಮುಚ್ಚಿಡುವುದಲ್ಲ. ತನ್ನ ಬಗೆಗಿನ ಯಾವ ವಿಷಯ ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ತಿಳಿಯಬೇಕೆಂಬುದನ್ನು ತಾನೇ ತೀರ್ಮಾನಿಸುವ ಅಧಿಕಾರಕ್ಕೆ ಆ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಆರಂಭವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದ 21ನೇ ವಿಧಿಯು ಕೊಟ್ಟಿರುವ ಜೀವಿಸುವ ಹಕ್ಕಿನ ಅಂಗವೇ ಆಗಿದೆ ಎಂದು ಒಮ್ಮತದಿಂದ ಸಾರಿತು. ಆ ತೀರ್ಪಿನ ಬೆನ್ನಿಗೆ ನಡೆದ ಚರ್ಚೆಗಳ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರೂಪುಗೊಂಡಿತು. ದತ್ತಾಂಶವೆಂದರೆ ಇಲ್ಲಿ ಒಬ್ಬ ವ್ಯಕ್ತಿಯನ್ನು ಗುರುತಿಸಲು ನೆರವಾಗುವ ಯಾವುದೇ ಮಾಹಿತಿ. ಓದುಗರು ಈ ಕಾಯ್ದೆಯ ಎರಡು ಮಿತಿಗಳನ್ನು ಅರಿತಿರಬೇಕು: ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ, ಮತ್ತು ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಕಂಪನಿಗಳನ್ನು ಕಟ್ಟಿಹಾಕಲು ಹೊರಟ ಈ ಕಾಯ್ದೆ, ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ತಾನೇ ಹಾಕಿಕೊಂಡ ಜನ್ಮದಿನಾಂಕವನ್ನೂ ಫೋನ್ ನಂಬರನ್ನೂ ಹಿಂದಕ್ಕೆ ತಂದುಕೊಡುವುದಿಲ್ಲ.

ಒಂದು ಫೋಟೊದಲ್ಲಿ ಏನೇನಿರುತ್ತದೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಊರುಗಳ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಕಾಣುವ ಸಾಮಾನ್ಯ ಚಿತ್ರವೊಂದನ್ನು ಬಿಡಿಸಿ ನೋಡಬಹುದು. ಹುಡುಗಿಯೊಬ್ಬಳು ಸಮವಸ್ತ್ರದಲ್ಲಿ ಮನೆಯ ಕಟ್ಟೆಯ ಮೇಲೆ ನಿಂತಿದ್ದಾಳೆ, ತಂದೆ ಪೇಢೆ ತಿನ್ನಿಸುತ್ತಿದ್ದಾನೆ, ಕೈಯಲ್ಲಿ ಅಂಕಪಟ್ಟಿಯ ಮುದ್ರಿತ ಪ್ರತಿ. ಸಮವಸ್ತ್ರ ಶಾಲೆಯನ್ನು ಹೇಳುತ್ತದೆ. ಅಂಕಪಟ್ಟಿಯಲ್ಲಿ ನೋಂದಣಿ ಸಂಖ್ಯೆ, ತಂದೆ-ತಾಯಿಯ ಪೂರ್ಣ ಹೆಸರು ಓದಲು ಬರುವಷ್ಟು ಸ್ಪಷ್ಟವಾಗಿವೆ. ಹಿಂದೆ ನಿಂತ ಬೈಕಿನ ನಂಬರ್ ಪ್ಲೇಟ್ ಕಾಣುತ್ತದೆ. ಬಾಗಿಲ ಪಕ್ಕದ ವಿದ್ಯುತ್ ಮೀಟರಿನ ಮೇಲೆ ಆರ್‌ಆರ್ ಸಂಖ್ಯೆ ಬರೆದಿದೆ. ಅಭಿನಂದಿಸಿದವರಲ್ಲಿ ಒಬ್ಬರು ಊರಿನ ಹೆಸರನ್ನೂ ಇನ್ನೊಬ್ಬರು ಹುಡುಗಿಯ ಮನೆಯ ಹೆಸರನ್ನೂ ಬರೆದುಬಿಡುತ್ತಾರೆ. ಪಿಯುಸಿಗೆ ಧಾರವಾಡಕ್ಕೋ ಗದಗಿಗೋ ಸೇರಿಸುವ ವಿಚಾರ ನಡೆದಿದೆ ಎಂಬುದು ಕೆಳಗಿನ ಮಾತುಕತೆಯಲ್ಲಿ ಹೊರಬೀಳುತ್ತದೆ. ಸಂಜೆಯೇ ಪ್ರವೇಶದ ಸೀಟು, ವಿದ್ಯಾರ್ಥಿವೇತನ, ಉಚಿತ ಲ್ಯಾಪ್‌ಟಾಪ್ ಎಂದು ಕರೆ ಮಾಡುವವನು ಹುಡುಗಿಯ ಹೆಸರು, ಅಂಕ, ತಂದೆಯ ಹೆಸರು ಎಲ್ಲವನ್ನೂ ಹೇಳಿದಾಗ ಮನೆಯವರು ಅವನನ್ನು ಅಧಿಕಾರಿಯೆಂದೇ ನಂಬುವುದರಲ್ಲಿ ಆಶ್ಚರ್ಯವಿಲ್ಲ.

ಸಂತೋಷವನ್ನು ಹಂಚಿಕೊಳ್ಳಬಾರದೆಂದು ಇದರ ಅರ್ಥವಲ್ಲ. ಅಂಕಪಟ್ಟಿಯನ್ನು ಕೆಳಗಿಟ್ಟು, ಬೈಕು ಕಾಣದ ಕೋನದಿಂದ ತೆಗೆದ ಚಿತ್ರವೂ ಅಷ್ಟೇ ಸಂತೋಷವನ್ನು ಹೇಳುತ್ತದೆ. ಮುಖ್ಯವಾದುದೆಂದರೆ, ಚಿತ್ರದಲ್ಲಿರುವ ವ್ಯಕ್ತಿಯನ್ನು ಕೇಳಿ ಹಾಕುವ ರೂಢಿ. ಹದಿನೈದು ವರ್ಷದ ಹುಡುಗಿಗೆ ತನ್ನ ಚಿತ್ರ ಎಲ್ಲಿ ಹೋಗಬೇಕೆಂಬ ಬಗ್ಗೆ ಅಭಿಪ್ರಾಯ ಇದ್ದೇ ಇರುತ್ತದೆ, ಕೇಳುವವರು ಮಾತ್ರ ಕಡಿಮೆ.

ಕಣ್ಣಿಗೆ ಕಾಣದ ಮಾಹಿತಿಯೂ ಚಿತ್ರದೊಳಗೆ ಅಡಗಿರುತ್ತದೆ. ಕ್ಯಾಮೆರಾದ ಲೊಕೇಶನ್ ಆಯ್ಕೆ ಚಾಲೂ ಇದ್ದರೆ, ಫೋಟೊ ತೆಗೆದ ಸ್ಥಳದ ಅಕ್ಷಾಂಶ-ರೇಖಾಂಶ ಮತ್ತು ಸಮಯ ಚಿತ್ರದ ಕಡತದಲ್ಲಿಯೇ ದಾಖಲಾಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದಾಗ ಈ ಅಡಗಿದ ಮಾಹಿತಿ ಅಳಿದುಹೋಗುತ್ತದೆ, ಆದರೆ ಗುಣಮಟ್ಟ ಕೆಡದಿರಲೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿದುಕೊಳ್ಳುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಟ್ಯಾಗ್ ಎಂಬುದನ್ನು ಒಮ್ಮೆ ಬಂದ್ ಮಾಡಿದರೆ ಈ ಚಿಂತೆ ತೀರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೋ ಗದುಗಿನ ತೋಂಟದಾರ್ಯ ಜಾತ್ರೆಗೋ ಇಡೀ ಮನೆಮಂದಿ ಹೊರಟು, ಅಲ್ಲಿಂದಲೇ ಲೈವ್ ಹೋಗುವುದೆಂದರೆ ಮನೆಗೆ ಬೀಗ ಬಿದ್ದಿದೆ ಎಂದು ಸಾರಿದಂತೆ. ಅದೇ ಚಿತ್ರಗಳನ್ನು ಮನೆಗೆ ಮರಳಿದ ಮೇಲೆ ಹಾಕಿದರೆ ಜಾತ್ರೆಯ ಸೊಗಸಿಗೇನೂ ಕೊರತೆಯಾಗುವುದಿಲ್ಲ.

ಝೆರಾಕ್ಸ್ ಅಂಗಡಿ, ಗ್ರಾಮದ ಗ್ರೂಪು, ರಿಪೇರಿ ಅಂಗಡಿ

ಮಾಹಿತಿ ಸೋರಿಕೆಯ ಚರ್ಚೆ ಬಂದಾಗಲೆಲ್ಲ ದೊಡ್ಡ ಕಂಪನಿಗಳ ಹೆಸರು ಕೇಳಿಬರುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಸೋರಿಕೆಯ ದಾರಿಗಳು ಇದಕ್ಕಿಂತ ಸರಳ. ಬೆಳೆವಿಮೆಗೋ ಗೃಹಲಕ್ಷ್ಮಿಗೋ ಅರ್ಜಿ ಹಾಕಲು ಹೊರಟವರು ಆಧಾರ್, ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವುಗಳ ಫೋಟೊ ತೆಗೆದು ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸುತ್ತಾರೆ, ಪ್ರಿಂಟು ತೆಗೆದುಕೊಂಡು ಹೊರಡುತ್ತಾರೆ. ಕಳಿಸಿದವರು ಎರಡು ದಿನದೊಳಗೆ ಎಲ್ಲರಿಗೂ ಅಳಿಸುವ ಆಯ್ಕೆಯನ್ನು ಬಳಸಿ ಸಂದೇಶವನ್ನು ತೆಗೆದುಹಾಕಬಹುದಾದರೂ, ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಳಿದ ಪ್ರತಿ ಅಲ್ಲಿಯೇ ಉಳಿದಿರುತ್ತದೆ. ಅಂಗಡಿಯವರು ಕೆಟ್ಟವರೆಂದಲ್ಲ, ಆ ಕಂಪ್ಯೂಟರಿಗೆ ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಸಿಕ್ಕಿಸಲಾಗುತ್ತದೆ ಎಂಬುದೇ ಸಾಕಷ್ಟು ಕಾರಣ. ಪ್ರಿಂಟಾದ ಮೇಲೆ ಎದುರಿಗೇ ನಿಂತು ಕಡತವನ್ನು ಅಳಿಸಿರೆಂದು ಹೇಳುವುದರಲ್ಲಿ ಸಂಕೋಚ ಬೇಕಿಲ್ಲ. ಪೂರ್ಣ ಸಂಖ್ಯೆ ಕೇಳದ ಕಡೆ ಮಾಸ್ಕ್ ಮಾಡಿದ ಆಧಾರ್, ಅಂದರೆ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ, ಸಾಕಾಗುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಬಹುದು. ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದ್ದು, ಬೆರಳಚ್ಚನ್ನು ಕದ್ದು ಖಾತೆಯಿಂದ ಹಣ ತೆಗೆಯುವ ವಂಚನೆಗೆ ಅದೊಂದು ಗಟ್ಟಿ ತಡೆ.

ಎರಡನೆಯ ದಾರಿ ಊರ ಗ್ರೂಪು. ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿದ ಪ್ರತಿಯೊಬ್ಬರ ನಂಬರು ಉಳಿದೆಲ್ಲ ಸದಸ್ಯರಿಗೂ ಕಾಣುತ್ತದೆ, ಮತ್ತು ಒಂದು ಗ್ರೂಪಿನಲ್ಲಿ 1024 ಜನರವರೆಗೆ ಇರಲು ಅವಕಾಶವಿದೆ. ನೀರು ಬಿಡುವ ಸಮಯ ತಿಳಿಸಲೆಂದು ಓಣಿಯವರು ಮಾಡಿಕೊಂಡ ಗ್ರೂಪಿಗೆ ಸೇರಿದ ಗೃಹಿಣಿಯ ನಂಬರು, ಅವಳು ಎಂದೂ ಮಾತನಾಡದ ನೂರಾರು ಗಂಡಸರಿಗೆ ಹೀಗೆ ತಲುಪುತ್ತದೆ. ಆ ನಂಬರನ್ನು ಯುಪಿಐ ಆ್ಯಪ್ ಒಂದರಲ್ಲಿ ಹಾಕಿದರೆ ಬ್ಯಾಂಕ್ ಖಾತೆಯಲ್ಲಿರುವ ಹೆಸರೂ ಕಾಣಿಸುತ್ತದೆ. ಶಾಲೆ, ಗ್ರಾಮ ಪಂಚಾಯಿತಿ, ಸಹಕಾರಿ ಸಂಘ, ಸ್ತ್ರೀಶಕ್ತಿ ಗುಂಪುಗಳ ಪದಾಧಿಕಾರಿಗಳು ಗ್ರೂಪಿನ ಬದಲಿಗೆ ವಾಟ್ಸ್‌ಆ್ಯಪ್ ಚಾನೆಲ್ ತೆರೆದರೆ ಸೂಚನೆಗಳು ಎಲ್ಲರಿಗೂ ಮುಟ್ಟುತ್ತವೆ, ಒಬ್ಬ ಹಿಂಬಾಲಕರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಇಷ್ಟು ಸುಲಭದ ಪರಿಹಾರ ಇದ್ದೂ ಬಳಕೆಗೆ ಬಾರದಿರುವುದಕ್ಕೆ ಕಾರಣ, ಗ್ರೂಪಿನ ಅಡ್ಮಿನ್ ಆಗಿರುವುದು ಊರಿನಲ್ಲಿ ಒಂದು ಸಣ್ಣ ಪದವಿಯಾಗಿರುವುದೇ ಇರಬಹುದು. ವಧು-ವರರ ಬಯೊಡೇಟಾಗಳದ್ದೂ ಇದೇ ಕಥೆ: ಜನ್ಮದಿನಾಂಕ, ಹುಟ್ಟಿದ ಗಳಿಗೆ, ಸಂಬಳ, ತಂದೆಯ ನಂಬರು, ಮೂರು ಫೋಟೊಗಳು ಸೇರಿದ ಒಂದು ಪಿಡಿಎಫ್ ಸಂಬಂಧ ಕೂಡಿಬಂದ ಮೇಲೂ ವರ್ಷಗಟ್ಟಲೆ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿರುತ್ತದೆ. ಮೊದಲ ಹಂತದಲ್ಲಿ ಹೆಸರು, ವಿದ್ಯೆ, ಊರುಗಳಿರುವ ಚಿಕ್ಕ ಪರಿಚಯವನ್ನಷ್ಟೇ ಕಳಿಸಿ, ಚಿತ್ರವನ್ನೂ ಜಾತಕವನ್ನೂ ಆಸಕ್ತಿ ತೋರಿಸಿದ ಮನೆಯವರಿಗೆ ಮಾತ್ರ ಕೊಡುವುದು ಜಾಣತನ.

ಮೊಬೈಲ್ ರಿಪೇರಿಗೆ ಕೊಡುವಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿ ಬರುವ ರೂಢಿ ಎಲ್ಲೆಡೆ ಇದೆ. ಪರದೆ ಅಥವಾ ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಾಗುವುದು ಅಪರೂಪ. ಈಚಿನ ಕೆಲವು ಫೋನುಗಳಲ್ಲಿ ರಿಪೇರಿ ಮೋಡ್ ಎಂಬ ಆಯ್ಕೆಯಿದ್ದು, ಅದನ್ನು ಚಾಲೂ ಮಾಡಿದರೆ ಚಿತ್ರಗಳೂ ಸಂದೇಶಗಳೂ ಕಾಣದಂತಾಗುತ್ತವೆ. ಹಳೆಯ ಫೋನ್ ಮಾರುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಬೇಕು. ಪಂಚಾಯಿತಿಯ ಅರಿವು ಕೇಂದ್ರದಲ್ಲಾಗಲಿ ಸೈಬರ್ ಸೆಂಟರಿನಲ್ಲಾಗಲಿ ವಾಟ್ಸ್‌ಆ್ಯಪ್ ವೆಬ್ ಅಥವಾ ಇಮೇಲ್ ತೆರೆದವರು ಲಾಗೌಟ್ ಮಾಡದೆ ಏಳಬಾರದು.

ಬದಲಾಯಿಸಬೇಕಾದ ಸೆಟ್ಟಿಂಗ್‌ಗಳು

ವಾಟ್ಸ್‌ಆ್ಯಪ್‌ನ ಪ್ರೈವೆಸಿ ವಿಭಾಗದಲ್ಲಿ ಪ್ರೊಫೈಲ್ ಚಿತ್ರ, ಕೊನೆಯ ಸಲ ನೋಡಿದ ಸಮಯ, ಸ್ಟೇಟಸ್ ಇವುಗಳನ್ನು ಮೈ ಕಾಂಟ್ಯಾಕ್ಟ್ಸ್ ಎಂದು ಇಟ್ಟುಕೊಂಡರೆ ಸಾಕೆಂಬ ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ಬೆಟಗೇರಿಯ ನೇಕಾರ ಕುಟುಂಬವೊಂದರ ಫೋನಿನಲ್ಲಿ ಕಾಂಟ್ಯಾಕ್ಟ್ಸ್ ಎಂದರೆ ಯಾರು ಎಂಬುದನ್ನು ಯೋಚಿಸಿದಾಗ ಈ ಸಲಹೆಯ ಕೊರತೆ ಗೊತ್ತಾಗುತ್ತದೆ: ಮಾಲಕರು, ನೂಲಿನ ವ್ಯಾಪಾರಿ, ಬಣ್ಣ ಹಾಕುವವರು, ಸೀರೆ ಒಯ್ಯುವ ಏಜೆಂಟ್, ಟಂಟಂ ಚಾಲಕ, ಲೈನ್‌ಮನ್, ಗ್ಯಾಸ್ ತರುವವರು, ರಿಚಾರ್ಜ್ ಅಂಗಡಿಯ ಹುಡುಗ. ವ್ಯವಹಾರಕ್ಕಾಗಿ ಉಳಿಸಿಕೊಂಡ ನಂಬರುಗಳೆಲ್ಲ ಆ್ಯಪಿನ ಲೆಕ್ಕದಲ್ಲಿ ಆಪ್ತರೇ. ಹೀಗಾಗಿ ಸ್ಟೇಟಸ್‌ಗೆ ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್ ಅಥವಾ ಓನ್ಲಿ ಶೇರ್ ವಿತ್ ಎಂಬ ಆಯ್ಕೆಯನ್ನು ಬಳಸಿ, ಮನೆಯ ಚಿತ್ರಗಳನ್ನು ನೋಡಬೇಕಾದವರ ಪಟ್ಟಿಯನ್ನು ಒಮ್ಮೆ ಕುಳಿತು ಮಾಡಿಕೊಳ್ಳುವುದು ಮೇಲು. ಸೀರೆ ಮಾರಾಟದಂಥ ವ್ಯಾಪಾರಕ್ಕೆ ಬೇರೆ ಸಿಮ್ ಮೇಲೆ ವಾಟ್ಸ್‌ಆ್ಯಪ್ ಬಿಸಿನೆಸ್ ಇಟ್ಟುಕೊಂಡು, ಮನೆಯ ನಂಬರನ್ನು ಗಿರಾಕಿಗಳಿಂದ ಬೇರ್ಪಡಿಸುವುದು ಇನ್ನೂ ಒಳ್ಳೆಯದು. ಗ್ರೂಪಿಗೆ ಯಾರು ಸೇರಿಸಬಹುದೆಂಬಲ್ಲಿಯೂ ಇದೇ ರೀತಿಯ ನಿರ್ಬಂಧ ಹಾಕಬಹುದು.

ಇದಕ್ಕಿಂತ ತುರ್ತಾಗಿ ನೋಡಬೇಕಾದುದು ಲಿಂಕ್ಡ್ ಡಿವೈಸಸ್ ಎಂಬ ವಿಭಾಗ. ಒಂದು ವಾಟ್ಸ್‌ಆ್ಯಪ್ ಖಾತೆಯನ್ನು ಮೂಲ ಫೋನಲ್ಲದೆ ನಾಲ್ಕು ಬೇರೆ ಸಾಧನಗಳಲ್ಲಿ ತೆರೆದಿಡಬಹುದಾದ್ದರಿಂದ, ಫೋನು ಎರಡು ನಿಮಿಷ ಕೈಗೆ ಸಿಕ್ಕವರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಲ್ಲ ಸಂದೇಶಗಳನ್ನೂ ತಮ್ಮ ಸಾಧನದಲ್ಲಿ ಓದುತ್ತಿರಬಹುದು. ಇದನ್ನು ಮಾಡುವವರು ಹ್ಯಾಕರ್‌ಗಳೇ ಆಗಬೇಕಿಲ್ಲ. ಅನುಮಾನದ ಗಂಡ, ಕುತೂಹಲದ ಭಾವಮೈದುನ, ಜತೆಗೆ ಓದುವ ಹುಡುಗ ಯಾರೂ ಆಗಿರಬಹುದು. ಪಟ್ಟಿಯಲ್ಲಿ ಗುರುತಿಲ್ಲದ ಸಾಧನ ಕಂಡರೆ ಕೂಡಲೇ ಲಾಗೌಟ್ ಒತ್ತಬೇಕು. ಮಹಿಳೆಯ ಇಚ್ಛೆಗೆ ವಿರುದ್ಧವಾಗಿ ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಹಿಂಬಾಲಿಸುವಿಕೆಯ ಅಪರಾಧವಾಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಎರಡು ಹಂತದ ದೃಢೀಕರಣ, ಅಂದರೆ ಒಟಿಪಿಯ ಜತೆಗೆ ಬಳಕೆದಾರ ತಾನೇ ಇಟ್ಟುಕೊಂಡ ಆರಂಕಿಯ ಗುಪ್ತಸಂಖ್ಯೆಯನ್ನೂ ಕೇಳುವ ವ್ಯವಸ್ಥೆ, ವಾಟ್ಸ್‌ಆ್ಯಪ್‌ನಲ್ಲಿಯೂ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ತುಸು ಬೇರೆ ರೂಪದಲ್ಲಿಯೂ ಲಭ್ಯವಿದೆ. ಇದನ್ನು ಚಾಲೂ ಮಾಡಿಟ್ಟವರ ಖಾತೆ, ಒಟಿಪಿ ಕೈತಪ್ಪಿದರೂ ಸುಲಭಕ್ಕೆ ಬೇರೆಯವರ ವಶವಾಗುವುದಿಲ್ಲ. ಮನೆದೇವರ ಹೆಸರಿಗೆ 123 ಸೇರಿಸಿದ ಪಾಸ್‌ವರ್ಡು ಊರಿನವರ ಪಾಲಿಗೆ ಪಾಸ್‌ವರ್ಡೇ ಅಲ್ಲ.

ಫೇಸ್‌ಬುಕ್ 2020ರ ಮೇ ತಿಂಗಳಲ್ಲಿ ಭಾರತದಲ್ಲಿ ಪ್ರೊಫೈಲ್ ಲಾಕ್ ಸೌಲಭ್ಯವನ್ನು ತಂದಿತು. ಅದನ್ನು ಹಾಕಿದರೆ ಸ್ನೇಹಿತರಲ್ಲದವರು ಚಿತ್ರವನ್ನು ದೊಡ್ಡದಾಗಿಸಿ ನೋಡಲು, ಇಳಿಸಿಕೊಳ್ಳಲು ಬರುವುದಿಲ್ಲ. ಲಾಕ್ ಹಾಕಿಯೂ ಅಪರಿಚಿತರ ಕೋರಿಕೆಗಳನ್ನು ಒಪ್ಪುತ್ತಾ ಹೋದರೆ ಲಾಕಿನಿಂದ ಪ್ರಯೋಜನವಿಲ್ಲ, ಮತ್ತು ಒಪ್ಪಲು ಹೇಳುವ ಕಾರಣ ಬಹುತೇಕ ಒಂದೇ: ನಲವತ್ತು ಜನ ಮ್ಯೂಚುವಲ್ ಫ್ರೆಂಡ್ಸ್ ಇದ್ದರು. ಸಣ್ಣ ಊರಿನಲ್ಲಿ ಮೊದಲ ಐದು ಜನ ಕೋರಿಕೆಯನ್ನು ಒಪ್ಪಿದರೆ ಉಳಿದ ಮೂವತ್ತೈದು ಜನ ಆ ಐವರನ್ನು ನೋಡಿ ಒಪ್ಪುತ್ತಾರೆ. ಯಾರೂ ಆ ವ್ಯಕ್ತಿಯನ್ನು ಕಂಡಿರುವುದಿಲ್ಲ. ಸ್ನೇಹಿತರ ಪಟ್ಟಿ ಯಾರಿಗೆ ಕಾಣಬೇಕೆಂಬಲ್ಲಿ ಓನ್ಲಿ ಮಿ ಎಂದು ಬದಲಾಯಿಸುವುದು ಅಗತ್ಯ. ಇನ್‌ಸ್ಟಾಗ್ರಾಂನಲ್ಲಿ ಖಾತೆಯನ್ನು ಪ್ರೈವೇಟ್ ಮಾಡಿಕೊಳ್ಳಬಹುದು. ಹದಿಹರೆಯದವರಿಗಾಗಿ ಟೀನ್ ಅಕೌಂಟ್ ಎಂಬ ನಿರ್ಬಂಧಿತ ವ್ಯವಸ್ಥೆ 2025ರಲ್ಲಿ ಭಾರತಕ್ಕೂ ಬಂದಿದೆ, ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಹೇಳಿ ಖಾತೆ ತೆರೆದ ಮಕ್ಕಳಿಗೆ ಅದರ ರಕ್ಷಣೆ ಸಿಗುವ ಭರವಸೆಯಿಲ್ಲ. ತನ್ನ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ಗುರುತಿಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು.

ಪರಿಚಯವನ್ನೇ ಬಂಡವಾಳ ಮಾಡಿಕೊಂಡ ವಂಚನೆ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಸಹಕಾರ ಸಂಘವು ದೇಶದ ಸಹಕಾರಿ ಚಳವಳಿಯ ಆರಂಭದ ಹೆಜ್ಜೆಗಳಲ್ಲೊಂದು. ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯೇ ಅಂಥ ಸಂಘಗಳ ಆಧಾರ. ಅದೇ ನಂಬಿಕೆಯನ್ನು ಇಂದು ನಕಲಿ ಖಾತೆಯ ವಂಚಕರು ದುಡಿಸಿಕೊಳ್ಳುತ್ತಿದ್ದಾರೆ. ಶಿಕ್ಷಕರು, ವೈದ್ಯರು, ಪೊಲೀಸ್ ಅಧಿಕಾರಿಗಳು ಹೀಗೆ ಊರಿನಲ್ಲಿ ಹೆಸರಿರುವವರ ಚಿತ್ರವನ್ನು ಇಳಿಸಿಕೊಂಡು, ಅದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಮೂಲ ಖಾತೆಯ ಸ್ನೇಹಿತರಿಗೆಲ್ಲ ಕೋರಿಕೆ ಕಳಿಸಿ, ಒಪ್ಪಿಕೊಂಡವರಿಂದ ತುರ್ತು ಆಸ್ಪತ್ರೆ ಖರ್ಚಿಗೆಂದು ಹಣ ಕೇಳುವುದು ಒಂದು ಬಗೆ. ಸೇನೆಯಲ್ಲಿರುವ ತನ್ನ ಸ್ನೇಹಿತನಿಗೆ ವರ್ಗವಾಗಿದೆ, ಮನೆಯ ಸಾಮಾನು ಅಗ್ಗಕ್ಕೆ ಕೊಡುತ್ತಾನೆ ಎಂದು ನಂಬಿಸುವುದು ಮತ್ತೊಂದು. ಯಾವಾಗಲೂ "ಆರಾಮ ಅದೀರೇನ್ರಿ ಸರ, ಮನಿ ಕಡೆ ಎಲ್ಲಾರೂ ಹೆಂಗದಾರ?" ಎಂದು ಮಾತು ಶುರುಮಾಡುವವರು ಒಮ್ಮೆಲೇ ಇಂಗ್ಲಿಷಿನಲ್ಲೋ ಪಠ್ಯಪುಸ್ತಕದ ಕನ್ನಡದಲ್ಲೋ ಹಣ ಕೇಳಿದರೆ ಅನುಮಾನ ಹುಟ್ಟಬೇಕು. ಭಾಷೆಯ ಈ ಸುಳಿವೂ ಯಂತ್ರಾನುವಾದದ ಕಾಲದಲ್ಲಿ ಬಹಳ ದಿನ ಉಳಿಯಲಾರದು. ಮೊದಲಿನಿಂದ ಉಳಿಸಿಕೊಂಡಿರುವ ನಂಬರಿಗೆ ಕರೆ ಮಾಡಿ ದನಿ ಕೇಳಿಯೇ ಮುಂದುವರಿಯುವುದು ಸುರಕ್ಷಿತ.

ಲಗ್ನಪತ್ರಿಕೆ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳದು ಇನ್ನೊಂದು ಬಗೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪನ್ನು ಸ್ಥಾಪಿಸುವ ಕಡತ. ನಿಜವಾದ ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೊ ಆಗಿಯೋ ಬರುತ್ತದೆಯೇ ಹೊರತು ಆ್ಯಪ್ ಆಗಿ ಬರುವುದಿಲ್ಲ. ಒತ್ತಿದವರ ಫೋನಿನ ಎಸ್ಎಂಎಸ್‌ಗಳನ್ನು ಓದುವ ಅನುಮತಿ ಪಡೆದ ಇಂಥ ಆ್ಯಪು ಒಟಿಪಿಗಳನ್ನು ವಂಚಕರಿಗೆ ದಾಟಿಸುತ್ತದೆ, ಮತ್ತು ಅದೇ ಕಡತವನ್ನು ಅವರ ಹೆಸರಿನಲ್ಲಿಯೇ ಉಳಿದ ಗ್ರೂಪುಗಳಿಗೆ ಕಳಿಸುತ್ತದೆ. ಕಳಿಸಿದವರು ಸೋದರಮಾವನೇ ಆಗಿದ್ದರೂ, ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಮುಟ್ಟಬಾರದು. ದಿಢೀರ್ ಸಾಲದ ಆ್ಯಪ್‌ಗಳು ಕೇಳುವುದು ಕಾಂಟ್ಯಾಕ್ಟ್ ಪಟ್ಟಿಯನ್ನು. ಕಂತು ತಪ್ಪಿದಾಗ ಆ ಪಟ್ಟಿಯಲ್ಲಿರುವ ಬೀಗರಿಗೂ ಗೆಳೆಯರಿಗೂ ತಿರುಚಿದ ಚಿತ್ರ ಕಳಿಸಿ ಮಾನ ಕಳೆಯುವುದೇ ಅವುಗಳ ವಸೂಲಿ ವಿಧಾನ. ಗೂಗಲ್ ತನ್ನ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಮತ್ತು ಚಿತ್ರಗಳನ್ನು ಕೇಳಬಾರದೆಂದು 2023ರಲ್ಲಿ ನಿಷೇಧಿಸಿದೆ. ಲಿಂಕಿನ ಮೂಲಕ ಇಳಿಸಿಕೊಳ್ಳುವ ಆ್ಯಪ್‌ಗಳಿಗೆ ಆ ನಿಯಮದ ಹಂಗಿಲ್ಲ.

ಡಿಜಿಟಲ್ ಅರೆಸ್ಟ್, ಅಂದರೆ ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿಯೇ ಬಂಧಿಸಿರುವುದಾಗಿ ಹೆದರಿಸಿ ಹಣ ಕೀಳುವ ಬೆದರಿಕೆಗೆ ಉತ್ತರ ಕರ್ನಾಟಕವೇ ಎರಡು ಸಾಕ್ಷ್ಯಗಳನ್ನು ಕೊಟ್ಟಿದೆ. ವಿಜಯಪುರದ ನಿವಾಸಿಯೊಬ್ಬರಿಗೆ ಬಂದ ಇಂಥ ಕರೆಯ ದಾಖಲೆಯನ್ನು ಪ್ರಧಾನಿಯವರು 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದರು. ಐದು ತಿಂಗಳ ನಂತರ, 2025ರ ಮಾರ್ಚಿನಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥದೇ ವಂಚಕರಿಗೆ ಸಿಲುಕಿ ಲಕ್ಷಾಂತರ ರೂಪಾಯಿ ಕಳೆದುಕೊಂಡು ಪ್ರಾಣ ಬಿಟ್ಟರು. ಯಾರಿಗೂ ಹೇಳಬಾರದು, ಕರೆ ಕಡಿಯಬಾರದು ಎಂಬ ಆಜ್ಞೆಯೇ ಈ ವಂಚನೆಯ ಬೆನ್ನೆಲುಬು. ಕರೆ ಕಡಿದು ಪಕ್ಕದ ಮನೆಯವರನ್ನು ಕೂಗುವುದು ಅದಕ್ಕೆ ಸರಿಯಾದ ಉತ್ತರ.

ಚಿತ್ರ, ಬೆದರಿಕೆ, ಮೌನ

ಖಾಸಗಿ ಚಿತ್ರಗಳ ದುರ್ಬಳಕೆಯಲ್ಲಿ ಹಾನಿಯನ್ನು ಬೆಳೆಸುವುದು ಮೊದಲು ಹರಿಯಬಿಟ್ಟ ಒಬ್ಬನಷ್ಟೇ ಅಲ್ಲ, ಫಾರ್ವರ್ಡ್ ಮಾಡುವ ನೂರಾರು ಜನ. ಹಾಸನ ಜಿಲ್ಲೆಯಲ್ಲಿ 2024ರ ಏಪ್ರಿಲ್‌ನಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಹರಡಿದ ಲೈಂಗಿಕ ದೌರ್ಜನ್ಯದ ವಿಡಿಯೊಗಳಿಂದ, ಅದಾಗಲೇ ನೊಂದಿದ್ದ ಮಹಿಳೆಯರು ಊರಿನಲ್ಲಿ ಮುಖ ತೋರಿಸಲಾಗದ ಎರಡನೆಯ ಶಿಕ್ಷೆಗೂ ಗುರಿಯಾದರು; ವಿಶೇಷ ತನಿಖಾ ತಂಡವು ಆ ವಿಡಿಯೊಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವೆಂದು ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ ಡೀಪ್‌ಫೇಕ್, ಅಂದರೆ ಕೃತಕ ಬುದ್ಧಿಮತ್ತೆಯಿಂದ ತಯಾರಾದ ನಕಲಿ ವಿಡಿಯೊ, 2023ರ ನವೆಂಬರ್‌ನಲ್ಲಿ ದೇಶದ ಗಮನ ಸೆಳೆಯಿತು, ಮತ್ತು ಅದನ್ನು ತಯಾರಿಸಿದವನನ್ನು ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಬಂಧಿಸಿದರು. ಅಂಥ ಸಾಧನಗಳು ಈಗ ಯಾವ ಕಾಲೇಜು ಹುಡುಗನ ಫೋನಿನಲ್ಲಿಯೂ ಇರಬಹುದಾದ್ದರಿಂದ, ತಾನು ಅಂಥ ಚಿತ್ರವನ್ನೇ ತೆಗೆಸಿಕೊಂಡಿಲ್ಲ ಎಂಬ ಧೈರ್ಯ ಇನ್ನು ಸಾಲದು.

ಕಾನೂನು ಈ ವಿಷಯದಲ್ಲಿ ಜನರು ತಿಳಿದುಕೊಂಡಿರುವುದಕ್ಕಿಂತ ಗಟ್ಟಿಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಲೈಂಗಿಕ ಚಿತ್ರಗಳ ಪ್ರಸಾರಕ್ಕೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಮತ್ತು ಹತ್ತು ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸುತ್ತದೆ. ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ, ಮಹಿಳೆಯು ಚಿತ್ರ ತೆಗೆಯಲು 'ಹೂಂ' ಎಂದಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿಯೇ. ಇಷ್ಟಾಗಿಯೂ ದೂರುಗಳು ದಾಖಲಾಗದೆ ಉಳಿಯಲು ಕಾರಣ, ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಎಂಬ ಹುಡುಗಿಯ ಭಯ. ಮೊಬೈಲ್ ಕಸಿದುಕೊಳ್ಳುವ ಮನೆಯಲ್ಲಿ ಯಾವ ಮಗುವೂ ಬೆದರಿಕೆಯ ಬಗ್ಗೆ ಬಾಯಿ ಬಿಡುವುದಿಲ್ಲ. ವಂಚಕ ನೆಚ್ಚಿಕೊಂಡಿರುವುದೇ ಈ ಮೌನವನ್ನು. ಅಪರಿಚಿತ ವಿಡಿಯೊ ಕರೆ ಎತ್ತಿದ ಗಂಡಸರ ಪರದೆಯನ್ನು ಅಶ್ಲೀಲ ದೃಶ್ಯದೊಂದಿಗೆ ದಾಖಲಿಸಿ ಹಣ ಕೇಳುವ ದಂಧೆಯೂ ಇದೇ ನಾಚಿಕೆಯ ಮೇಲೆ ನಿಂತಿದೆ. ಒಮ್ಮೆ ಹಣ ಕೊಟ್ಟವರಿಂದ ಮತ್ತೆ ಮತ್ತೆ ಕೇಳುತ್ತಾರೆ. ಕೊಡದೆ, ಸಾಕ್ಷ್ಯ ಉಳಿಸಿಕೊಂಡು, ಬ್ಲಾಕ್ ಮಾಡಿ ದೂರು ಕೊಡುವುದೇ ದಾರಿ.

ಚಿತ್ರ ಹರಡುವ ಭಯವಿರುವ ವಯಸ್ಕರಿಗೆ ಸ್ಟಾಪ್ ಎನ್‌ಸಿಐಐ ಎಂಬ ಅಂತರರಾಷ್ಟ್ರೀಯ ಉಚಿತ ಸೇವೆ 2021ರಿಂದ ಇದೆ. ಅದು ಚಿತ್ರವನ್ನು ಕೇಳುವುದಿಲ್ಲ. ಬಳಕೆದಾರರ ಫೋನಿನಲ್ಲಿಯೇ ಆ ಚಿತ್ರದ ಹ್ಯಾಶ್, ಅಂದರೆ ಅಂಕಿ-ಅಕ್ಷರಗಳ ಒಂದು ಗುರುತನ್ನು ತಯಾರಿಸಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ತಾಣಗಳಿಗೆ ಕೊಡುತ್ತದೆ, ಆ ಗುರುತಿಗೆ ಹೊಂದುವ ಚಿತ್ರವನ್ನು ಅವು ತಡೆಹಿಡಿಯುತ್ತವೆ. ಹದಿನೆಂಟು ತುಂಬದವರ ಚಿತ್ರಗಳಿಗೆ ಟೇಕ್ ಇಟ್ ಡೌನ್ ಎಂಬ ಇಂಥದೇ ಸೇವೆಯಿದೆ. ಜಾಲತಾಣ ಕಂಪನಿಗಳು ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತರಿಂದ ದೂರು ಬಂದ ಮೇಲೆ 24 ಗಂಟೆಯೊಳಗೆ ತೆಗೆದುಹಾಕಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2021ರ ನಿಯಮಗಳು ಆರಂಭದಲ್ಲೇ ಗಡುವು ಹಾಕಿದ್ದವು.

ಚಿತ್ರವಷ್ಟೇ ಅಲ್ಲ, ಫಾರ್ವರ್ಡ್ ಆದ ಸುಳ್ಳು ಸಂದೇಶವೂ ಜೀವ ತೆಗೆಯಬಲ್ಲದು. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ 2018ರ ಜುಲೈ 13ರಂದು, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ಕಾರಿನಲ್ಲಿ ಬರುತ್ತಿದ್ದವರಿಗಿಂತ ಮೊದಲೇ ಊರು ತಲುಪಿದ್ದರಿಂದ, ಅವರಲ್ಲಿದ್ದ ಹೈದರಾಬಾದಿನ ಯುವಕನೊಬ್ಬ ಗುಂಪಿನ ಕೈಯಲ್ಲಿ ಸತ್ತ; ಗ್ರೂಪಿನ ಅಡ್ಮಿನ್ ಸಹಿತ ಹಲವರು ಬಂಧನಕ್ಕೊಳಗಾದರು. ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ವಾಟ್ಸ್‌ಆ್ಯಪ್ ಮಿತಿ ತಂದಿತು.

ದೂರು ಕೊಡುವ ಬಗೆ

ಹಣ ಹೋದ ಪ್ರಕರಣದಲ್ಲಿ ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಸಲು ಈ ಸಹಾಯವಾಣಿ ಇರುವುದರಿಂದ, ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ಹಣದ ಸಂಬಂಧವಿಲ್ಲದ ದೂರುಗಳನ್ನು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಸಲ್ಲಿಸಬಹುದು. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ಅಲ್ಲಿ ವರದಿ ಮಾಡಲು ಅವಕಾಶವಿದೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ಜೀವಕ್ಕೆ ಅಪಾಯವಿದ್ದಾಗ 112.

ಸಂಕಟದಲ್ಲಿ ಎಲ್ಲವನ್ನೂ ಅಳಿಸಿಹಾಕುವುದು ಸಹಜವಾದರೂ ಅದರಿಂದ ಕೇಸು ದುರ್ಬಲವಾಗುತ್ತದೆ. ಸ್ಕ್ರೀನ್‌ಶಾಟಿನಲ್ಲಿ ನಂಬರು, ದಿನಾಂಕ, ಸಮಯ ಕಾಣಬೇಕು. ಖಾತೆಯ ಹೆಸರು ಬದಲಾಗಬಲ್ಲದಾದ್ದರಿಂದ ಪ್ರೊಫೈಲಿನ ಲಿಂಕನ್ನು ನಕಲು ಮಾಡಿಟ್ಟುಕೊಳ್ಳಬೇಕು. ಮೂಲ ಸಂದೇಶ ಬಂದ ಫೋನನ್ನು ಹಾಗೆಯೇ ಉಳಿಸಬೇಕು, ಏಕೆಂದರೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಸಾಧನದ ವಿವರವಿರುವ ಪ್ರಮಾಣಪತ್ರವನ್ನು ಕೇಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕಾದ್ದರಿಂದ, ಊರ ಠಾಣೆಯವರು ಗದಗಿನ ಸಿಇಎನ್ ಠಾಣೆಯತ್ತ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಠಾಣೆಯತ್ತ, ಕೈತೋರಿಸುವುದುಂಟು. ಮುಂಡರಗಿಯಿಂದಲೋ ಲಕ್ಷ್ಮೇಶ್ವರದಿಂದಲೋ ಬಸ್ಸು ಹಿಡಿದು ಹೋಗಲಾಗದವರು ಅಲ್ಲಿಗೇ ಸುಮ್ಮನಾಗಬೇಕಿಲ್ಲ. ಅಪರಾಧ ಎಲ್ಲಿಯೇ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿಯೂ ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಿದರೆ ಸಾಕು. ಠಾಣಾಧಿಕಾರಿ ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಬರಹದಲ್ಲಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ದಾಖಲಾದ ಎಫ್ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.